ಕಾಡಂಚಿನ ರಿಕ್ಷಾ: ಸೀಟು ಮೂರು, ಲೆಕ್ಕ ಆರು

ಮೂರು ಗಾಲಿ, ಒಂದು ಹ್ಯಾಂಡಲ್, ನೆತ್ತಿಯ ಮೇಲೊಂದು ರೆಕ್ಸಿನ್ ಹೊದಿಕೆ, ಎರಡೂ ಮಗ್ಗುಲು ಬಯಲು. ಬೆಂಗಳೂರಿನವರು ಆಟೋ ಎಂದು ಕರೆಯುವ ಈ ವಾಹನಕ್ಕೆ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂದಿಗೂ ರಿಕ್ಷಾ ಎಂದೇ ಹೆಸರು. ಮಹಾನಗರದ ಓದುಗನ ಮಟ್ಟಿಗೆ ಆಟೋ ಎಂದರೆ ಮೀಟರ್, ಆ್ಯಪ್ ಮತ್ತು ಆಗಾಗ ಒಂದಿಷ್ಟು ವಾಗ್ವಾದ. ಬಸ್ಸಿದೆ, ಮೆಟ್ರೊ ಇದೆ, ಸ್ವಂತ ಸ್ಕೂಟರ್ ಇದೆ. ಆಟೋ ಅವನಿಗೆ ಹಲವು ಆಯ್ಕೆಗಳಲ್ಲಿ ಒಂದು. ಆದರೆ ದಾಂಡೇಲಿ, ಹಳಿಯಾಳ, ಜೊಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಒಳಊರುಗಳಲ್ಲಿ ರಿಕ್ಷಾ ಅನೇಕ ವೇಳೆ ಏಕೈಕ ಆಯ್ಕೆ. ಅಲ್ಲಿ ಅದು ಬಸ್ಸು, ಸರಕು ಗಾಡಿ, ಕೆಲವೊಮ್ಮೆ ಆಂಬುಲೆನ್ಸ್ ಕೂಡ ಹೌದು. ಇಷ್ಟೆಲ್ಲ ಪಾತ್ರ ವಹಿಸುವ ವಾಹನವನ್ನು ನಮ್ಮ ಕಾನೂನು ಮತ್ತು ಆಡಳಿತ ಮಾತ್ರ ಪಟ್ಟಣದ ಬಾಡಿಗೆ ಗಾಡಿಯೆಂದಷ್ಟೇ ನೋಡುತ್ತಿವೆ. ಈ ಅಂತರದ ಬೆಲೆಯನ್ನು ತೆರುತ್ತಿರುವವನು ರಿಕ್ಷಾದ ಮಾಲೀಕನೂ ಚಾಲಕನೂ ಆಗಿರುವ ಸಾಮಾನ್ಯ ಮನುಷ್ಯ, ಮತ್ತು ಅವನ ಬೆನ್ನ ಹಿಂದೆ ಕೂತ ಪ್ರಯಾಣಿಕ.

ತೆರೆದ ಮೈಯ ಮೂರು ಗಾಲಿಯ ವಾಹನ ನಮ್ಮದಷ್ಟೇ ಸೊತ್ತಲ್ಲ. ಅಮೆರಿಕದಲ್ಲಿ 2014ರಲ್ಲಿ ಪೊಲಾರಿಸ್ ಕಂಪನಿ ‘ಸ್ಲಿಂಗ್‌ಶಾಟ್’ ಎಂಬ ವಾಹನವನ್ನು ಮಾರುಕಟ್ಟೆಗೆ ತಂದಿತು. ಮುಂದೆ ಎರಡು ಗಾಲಿ, ಹಿಂದೆ ಒಂದು; ಚಾವಣಿಯಿಲ್ಲ, ಬಾಗಿಲಿಲ್ಲ; ಕಾರಿನಂತೆ ಸ್ಟೀರಿಂಗು, ಅಕ್ಕಪಕ್ಕ ಎರಡು ಆಸನ. ಅದು ದುಡಿಮೆಯ ಗಾಡಿಯಲ್ಲ, ಬಿಡುವಿನ ದಿನದ ವಿಹಾರಕ್ಕೆ ಕೊಳ್ಳುವ ವಸ್ತು. ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಮೂರು ಗಾಲಿಯದೆಲ್ಲ ಮೋಟರ್‌ಸೈಕಲ್ಲೇ. ಆದರೆ ಸ್ಟೀರಿಂಗು ಹಿಡಿದು, ಸೀಟ್ ಬೆಲ್ಟ್ ಬಿಗಿದು ಕೂರುವವನಿಂದ ಮೋಟರ್‌ಸೈಕಲ್ ಪರವಾನಗಿ ಕೇಳುವುದರಲ್ಲಿ ಅರ್ಥವಿಲ್ಲವೆಂದು ಕಂಡುಕೊಂಡ ಅನೇಕ ರಾಜ್ಯಗಳು ‘ಆಟೋಸೈಕಲ್’ ಎಂಬ ಹೊಸ ವರ್ಗವನ್ನೇ ಸೃಷ್ಟಿಸಿ, ಕಾರಿನ ಪರವಾನಗಿಯೇ ಸಾಕೆಂದವು. ಶ್ರೀಮಂತರ ಆಟದ ಗಾಡಿ ಹಳೆಯ ವರ್ಗದೊಳಗೆ ಹಿಡಿಸದಿದ್ದಾಗ ಕಾನೂನೇ ಸರಿದು ಜಾಗ ಮಾಡಿಕೊಟ್ಟಿತು. ಬಡವರ ದುಡಿಮೆಯ ಗಾಡಿಗೂ ಅಂಥ ಔದಾರ್ಯ ಸಲ್ಲಬೇಡವೇ ಎಂಬುದು ಈ ಲೇಖನದ ಪ್ರಶ್ನೆ.

ನಮ್ಮ ರಿಕ್ಷಾದ ಮೂಲವೂ ವಿಹಾರದಲ್ಲಿಲ್ಲ, ಅಭಾವದಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ನುಜ್ಜುಗುಜ್ಜಾದ ಇಟಲಿಯಲ್ಲಿ, ಕಾರು ಕೊಳ್ಳಲಾಗದ ಸಣ್ಣ ವ್ಯಾಪಾರಿಗಳಿಗಾಗಿ ಪಿಯಾಜಿಯೊ ಕಂಪನಿ 1948ರಲ್ಲಿ ‘ಆಪೆ’ ಎಂಬ ತ್ರಿಚಕ್ರ ವಾಹನವನ್ನು ರೂಪಿಸಿತು. ಬಜಾಜ್ ಸಂಸ್ಥೆ 1959ರಲ್ಲಿ ಭಾರತ ಸರ್ಕಾರದಿಂದ ದ್ವಿಚಕ್ರ ಮತ್ತು ತ್ರಿಚಕ್ರ ವಾಹನ ತಯಾರಿಕೆಯ ಲೈಸೆನ್ಸ್ ಪಡೆದ ಮೇಲೆ ಅದೇ ವಂಶದ ಗಾಡಿ ನಮ್ಮ ಬೀದಿಗಳಿಗೆ ಬಂತು. ಕನ್ನಡಿಗರ ಮನಸ್ಸಿನಲ್ಲಿ ಅದಕ್ಕೊಂದು ಘನತೆ ತಂದುಕೊಟ್ಟದ್ದು 1980ರ ‘ಆಟೋ ರಾಜ’ ಚಿತ್ರ. ಅದರ ನಾಯಕ ಶಂಕರ್‌ನಾಗ್ ಇದೇ ಉತ್ತರ ಕನ್ನಡದ ಹೊನ್ನಾವರ ಸೀಮೆಯವರು. 1990ರಲ್ಲಿ ಅವರು ತೀರಿಕೊಂಡು ಮೂರೂವರೆ ದಶಕ ಕಳೆದರೂ ರಿಕ್ಷಾದ ಗಾಜಿನ ಮೇಲೆ ಅವರ ಚಿತ್ರ ಮಾಸಿಲ್ಲ. ಆದರೆ ಗಾಜಿನ ಮೇಲಿನ ಅಭಿಮಾನ ಬೇರೆ, ಗಾಡಿಯ ಕಂತು ಬೇರೆ.

ಈ ನಾಲ್ಕು ತಾಲ್ಲೂಕುಗಳ ನೆಲವನ್ನು ತಿಳಿಯದೆ ಅಲ್ಲಿನ ರಿಕ್ಷಾದ ಅರ್ಥಶಾಸ್ತ್ರ ತಿಳಿಯದು. ದಾಂಡೇಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್‌ನ ಸುತ್ತ ಬೆಳೆದ ಊರು. ಕಳೆದ ದಶಕದಲ್ಲಿ ಹಳಿಯಾಳದಿಂದ ಬೇರ್ಪಟ್ಟು ತಾಲ್ಲೂಕಾಯಿತು. ಅಲ್ಲಿನ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ನೋಂದಣಿಯಾದ ಗಾಡಿಗಳ ಮೇಲೆ ಕೆಎ-65 ಎಂದಿರುತ್ತದೆ. ಹಳಿಯಾಳ ಭತ್ತ, ಮೆಕ್ಕೆಜೋಳ, ಕಬ್ಬಿನ ಬಯಲು ಸೀಮೆ. ಕಬ್ಬು ನುರಿಸುವ ತಿಂಗಳುಗಳಲ್ಲಿ ರಸ್ತೆಯ ಅರ್ಧ ಟ್ರ್ಯಾಕ್ಟರುಗಳದು. ಮುಂಡಗೋಡದ ಹೊರವಲಯದಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟನ್ನರ ವಸಾಹತು ಇದೆ. ಅದರ ಕ್ಯಾಂಪುಗಳು ಒಂದಕ್ಕೊಂದು ದೂರದಲ್ಲಿ ಹರಡಿಕೊಂಡಿವೆ. ಗಾದೆನ್, ದ್ರೆಪುಂಗ್ ವಿಹಾರಗಳ ಭಿಕ್ಷುಗಳಿಗೂ ಅವರನ್ನು ಕಾಣಬಂದವರಿಗೂ ಪೇಟೆಯಿಂದ ಕ್ಯಾಂಪಿಗೆ, ಕ್ಯಾಂಪಿನಿಂದ ಕ್ಯಾಂಪಿಗೆ ರಿಕ್ಷಾ ಬೇಕು.

ಇವೆಲ್ಲಕ್ಕಿಂತ ಭಿನ್ನವಾದುದು ಜೊಯಿಡಾ. ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಪೇಟೆ ಮುಳುಗಿದ ಮೇಲೆ ತಾಲ್ಲೂಕು ಕೇಂದ್ರವಾದ ಊರು ಇದು. ವಿಸ್ತಾರದಲ್ಲಿ ಜಿಲ್ಲೆಯ ಅತಿ ದೊಡ್ಡ ತಾಲ್ಲೂಕು. ಆದರೆ 2011ರ ಜನಗಣತಿಯ ಪ್ರಕಾರ ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ರಾಜ್ಯದಲ್ಲಿ ಚದರ ಕಿಲೊಮೀಟರಿಗೆ ಸರಾಸರಿ 319 ಜನರಿದ್ದರೆ ಇಲ್ಲಿ ಮೂವತ್ತನ್ನೂ ಮುಟ್ಟುವುದಿಲ್ಲ. ತಾಲ್ಲೂಕಿನ ಬಹುಭಾಗ ಕಾಡು. ಅದರಲ್ಲೊಂದು ದೊಡ್ಡ ಪಾಲು, 2015ರಲ್ಲಿ ಕಾಳಿ ಎಂದು ಮರುನಾಮಕರಣಗೊಂಡ ಹುಲಿ ಸಂರಕ್ಷಿತ ಪ್ರದೇಶ. ಗೆಡ್ಡೆ ಗೆಣಸು ಬೆಳೆಯುವ ಕುಣಬಿಗಳ ಮನೆಗಳು ನಾಲ್ಕು ಇಲ್ಲಿ, ಆರು ಅಲ್ಲಿ. ಹಳಿಯಾಳ, ಮುಂಡಗೋಡ ಕಡೆಗಳಲ್ಲಿ ಸಿದ್ದಿಗಳು, ಹಾಲು ಮಾರುವ ಗೌಳಿಗಳು ಹೀಗೆಯೇ ಕಾಡಂಚಿನಲ್ಲಿ ಚದುರಿದ್ದಾರೆ. ಐವತ್ತು ಆಸನಗಳ ಬಸ್ಸನ್ನು ತುಂಬಿಸುವಷ್ಟು ಜನ ಇಂಥ ಊರುಗಳಲ್ಲಿ ಒಂದೇ ಹೊತ್ತಿಗೆ ಹೊರಡುವುದಿಲ್ಲ. ಬಸ್ಸು ದಿನಕ್ಕೊಮ್ಮೆಯೋ ಎರಡು ಸಲವೋ ಬಂದರೆ ಬಂತು. ಉಳಿದ ಹೊತ್ತಿನ ಸಾರಿಗೆ ರಿಕ್ಷಾ, ಟೆಂಪೊ ಅಥವಾ ಕಾಲು.

ಇಂಥ ಊರಿನ ಯುವಕನೊಬ್ಬ ರಿಕ್ಷಾ ಕೊಳ್ಳುವುದೆಂದರೆ ವಾಹನ ಖರೀದಿಯಷ್ಟೇ ಅಲ್ಲ. ಅವನು ಕಟ್ಟಿಕೊಳ್ಳಬಲ್ಲ ಏಕೈಕ ಉದ್ಯಮ ಅದು. ಸಾಲವಾಗಿ 2.5 ಲಕ್ಷ ರೂಪಾಯಿ, ವರ್ಷಕ್ಕೆ ಶೇ 14ರ ಬಡ್ಡಿ, ನಾಲ್ಕು ವರ್ಷದ ಅವಧಿ ಎಂದು ಭಾವಿಸಿಕೊಳ್ಳೋಣ. ತಿಂಗಳ ಕಂತು ಸುಮಾರು 6,830 ರೂಪಾಯಿ. ತಿಂಗಳಿಗೆ ಇಪ್ಪತ್ತೈದು ದಿನ ದುಡಿದರೆ ದಿನಕ್ಕೆ 273 ರೂಪಾಯಿ ಕಂತಿಗೇ ಹೋಗಬೇಕು. ಅದರ ಮೇಲೆ ಇಂಧನ, ಟೈರು, ರಿಪೇರಿ, ವಿಮೆ. ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಯೋಗ್ಯತಾ ಪ್ರಮಾಣಪತ್ರ. ಅದೇ ಸಾಲ ಶೇ 10ರ ಬಡ್ಡಿಗೆ ದೊರೆತರೆ ಕಂತು 6,340ಕ್ಕೆ ಇಳಿಯುತ್ತದೆ. ನಾಲ್ಕು ವರ್ಷಕ್ಕೆ ಉಳಿತಾಯ ಇಪ್ಪತ್ತಮೂರು ಸಾವಿರ ದಾಟುತ್ತದೆ. ಬ್ಯಾಂಕಿನಲ್ಲಿ ಸಾಲ ಸಿಗುವವನಿಗೂ ಖಾಸಗಿ ಫೈನಾನ್ಸಿಗೆ ಹೋಗಬೇಕಾದವನಿಗೂ ಇರುವ ವ್ಯತ್ಯಾಸ ಇಂಥದ್ದು. 2025ರ ಸೆಪ್ಟೆಂಬರ್ 22ರಿಂದ ತ್ರಿಚಕ್ರ ವಾಹನಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ಸ್ವಾಗತಾರ್ಹ. ಆದರೆ ಗಾಡಿಯ ಬೆಲೆ ಕಟ್ಟುವುದು ಒಮ್ಮೆ. ಬಡ್ಡಿ ಕಟ್ಟುವುದು ಪ್ರತಿ ತಿಂಗಳು.

ದುಡಿಮೆಯೂ ಹದವಾಗಿ ಹರಿಯುವುದಿಲ್ಲ. ಗಣೇಶಗುಡಿಯ ರಾಫ್ಟಿಂಗ್‌ಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಸ್ವಂತ ಕಾರಿನಲ್ಲೇ ಬರುತ್ತಾರೆ. ಬಸ್ಸಿಳಿದು ಬಂದವರಷ್ಟೇ ರಿಕ್ಷಾದ ಪಾಲು. ಮಳೆಗಾಲದಲ್ಲಿ ಅವರೂ ಕಡಿಮೆ. ಜೊಯಿಡಾದ ಮಳೆಯಲ್ಲಿ ತೆರೆದ ಮಗ್ಗುಲಿನ ರಿಕ್ಷಾ ಓಡಿಸುವುದು ಹೇಳಿದಷ್ಟು ಸುಲಭವಲ್ಲ. ಪ್ಲಾಸ್ಟಿಕ್ ಪರದೆ ಇಳಿಬಿಟ್ಟರೂ ಚಾಲಕನ ಅರ್ಧ ಮೈ ತೊಯ್ದೇ ಇರುತ್ತದೆ. ಇಳಿಜಾರಿನ ತಿರುವಿನಲ್ಲಿ ಕೆಸರು, ಕತ್ತಲಲ್ಲಿ ದಿಢೀರನೆ ಎದುರಾಗುವ ಕಾಡುಕೋಣ. ಇಷ್ಟಾದರೂ ಅದೇ ತೆರೆದ ಮಗ್ಗುಲಿಗೆ ಒಂದು ಸಾಮಾಜಿಕ ಗುಣವಿದೆ. ದಾರಿಯಲ್ಲಿ ಕೈ ಎತ್ತಿದವರ ಮುಖ ಕಾಣುತ್ತದೆ, ಮಾತು ಕೇಳುತ್ತದೆ. ಔಷಧ, ಗೊಬ್ಬರದ ಚೀಲ, ಹಾಲಿನ ಕ್ಯಾನು, ಕೋಳಿ ಎಲ್ಲವೂ ಅದರಲ್ಲಿ ಸಾಗುತ್ತವೆ. ರಾಜ್ಯದಲ್ಲಿ 2008ರ ನವೆಂಬರ್‌ನಿಂದ 108 ಆಂಬುಲೆನ್ಸ್ ಸೇವೆ ಇದೆಯಾದರೂ ನೆಟ್‌ವರ್ಕ್ ಸಿಗದ ಕೊಳ್ಳದಲ್ಲಿ ಹಾವು ಕಚ್ಚಿದರೆ, ಹೆರಿಗೆ ನೋವು ಕಾಣಿಸಿದರೆ, ಮೊದಲು ಎಬ್ಬಿಸುವುದು ರಿಕ್ಷಾ ಇರುವ ಮನೆಯವನನ್ನೇ.

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ಕಿಲೊಮೀಟರಿಗೆ 36 ರೂಪಾಯಿ, ನಂತರದ ಪ್ರತಿ ಕಿಲೊಮೀಟರಿಗೆ 18. ಈ ದರವನ್ನೇ ಮಾದರಿಯಾಗಿ ಇಟ್ಟುಕೊಂಡು ಪೇಟೆಯಿಂದ ಹನ್ನೆರಡು ಕಿಲೊಮೀಟರ್ ದೂರದ ಹಳ್ಳಿಗೆ ಲೆಕ್ಕ ಹಾಕಿದರೆ 216 ರೂಪಾಯಿ ಆಗುತ್ತದೆ. ರಿಕ್ಷಾದಲ್ಲಿ ಕಾನೂನು ಒಪ್ಪುವುದು ಮೂವರನ್ನು. ತಲೆಗೆ 72 ರೂಪಾಯಿ. ಸಂತೆಗೆ ಬಂದು ಕಾಯಿಪಲ್ಲೆ ಮಾರಿದ ಹೆಂಗಸಿಗೆ ಇದು ಕೈಗೆಟುಕದ ಮೊತ್ತ. ಆರು ಜನ ಕೂತರೆ ತಲೆಗೆ 36. ಇದನ್ನು ಆಕೆ ಕೊಡಬಲ್ಲಳು, ಚಾಲಕನಿಗೂ ಗಿಟ್ಟುತ್ತದೆ, ಖಾಲಿ ಮರಳುವ ದಾರಿಯ ಇಂಧನವೂ ಅದರಲ್ಲಿಯೇ ಹುಟ್ಟಬೇಕು. ಹೀಗಾಗಿ ಹಿಂದೆ ನಾಲ್ವರು, ಚಾಲಕನ ಎಡಬಲಕ್ಕೆ ಒಬ್ಬೊಬ್ಬರು. ಇದನ್ನು ಚಾಲಕರ ದುರಾಸೆ ಎಂದು ಬಯ್ಯುವುದು ಸುಲಭ. ವಾಸ್ತವದಲ್ಲಿ ಇದು ಪ್ರಯಾಣಿಕನೂ ಚಾಲಕನೂ ಕೂಡಿ ಮಾಡಿಕೊಂಡ ಭಾಗಾಕಾರ. ವಿರಳ ಜನವಸತಿಯ ನಾಡಿನಲ್ಲಿ ದೂರದ ಬೆಲೆಯನ್ನು ಹಂಚಿಕೊಳ್ಳಲು ಅವರಿಗೆ ಕಂಡ ಒಂದೇ ದಾರಿ.

ಆದರೆ ಆ ದಾರಿ ಅಪಾಯದ್ದು ಎಂಬುದನ್ನು ಮರೆಮಾಚಬಾರದು. ಮೂರು ಗಾಲಿಯ ಗಾಡಿ ನೆಲದ ಮೇಲೆ ಒಂದು ತ್ರಿಕೋನವನ್ನು ಊರಿ ನಿಂತಿರುತ್ತದೆ. ಸ್ಲಿಂಗ್‌ಶಾಟ್‌ನಲ್ಲಿ ತ್ರಿಕೋನದ ಅಗಲದ ಪಾದ ಮುಂದಿದೆ. ನಮ್ಮ ರಿಕ್ಷಾದಲ್ಲಿ ಮುಂದಿರುವುದು ಚೂಪು ತುದಿ. ಭಾರ ಹಿಂದಿನ ಎರಡು ಗಾಲಿಗಳ ಮೇಲಿರುವಷ್ಟು ಕಾಲ ಗಾಡಿ ಗಟ್ಟಿ. ಚಾಲಕನ ಎಡಬಲಕ್ಕೆ ಇಬ್ಬರು ಕೂತೊಡನೆ ಭಾರ ಚೂಪು ತುದಿಯತ್ತ ಸರಿಯುತ್ತದೆ, ಹ್ಯಾಂಡಲ್ ತಿರುಗಿಸಲು ಮೊಣಕೈಗೆ ಜಾಗ ಉಳಿಯುವುದಿಲ್ಲ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ಮಗುಚಲು ಹೆಚ್ಚು ಹೊತ್ತು ಬೇಡ. ಮಗ್ಗುಲು ತೆರೆದಿರುವುದರಿಂದ ಒಳಗಿದ್ದವರು ಹೊರಗೆ ಎಸೆಯಲ್ಪಡುತ್ತಾರೆ.

ಇನ್ನು ಕಾನೂನು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಎ ಕಲಮಿನಂತೆ ಹೆಚ್ಚುವರಿ ಪ್ರಯಾಣಿಕರಿಗೆ ತಲೆಗೆ 200 ರೂಪಾಯಿ ದಂಡ. ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ: ಹೆಚ್ಚುವರಿ ಪ್ರಯಾಣಿಕರನ್ನು ಇಳಿಸಿ, ಅವರಿಗೆ ಬದಲಿ ಸಾರಿಗೆ ಏರ್ಪಡಿಸುವ ತನಕ ವಾಹನ ಮುಂದೆ ಚಲಿಸಕೂಡದು. ಅಂಶಿಯ ಕಾಡುದಾರಿಯಲ್ಲಿ ಸಂಜೆ ಆರು ಗಂಟೆಗೆ ಬದಲಿ ಸಾರಿಗೆಯನ್ನು ತರುವುದು ಎಲ್ಲಿಂದ? ಇದ್ದಿದ್ದರೆ ಆ ಮೂವರು ಹೆಚ್ಚುವರಿಯಾಗಿ ಏರುತ್ತಲೇ ಇರಲಿಲ್ಲ. ಇಂಥ ನಿಯಮವನ್ನು ಅಕ್ಷರಶಃ ಪಾಲಿಸುವ ಅಧಿಕಾರಿ ಜನರನ್ನು ಕಾಡಿನಲ್ಲಿ ಇಳಿಸಬೇಕಾಗುತ್ತದೆ. ಪಾಲಿಸದವನು ಕಣ್ಣು ಮುಚ್ಚಬೇಕಾಗುತ್ತದೆ. ಮುಚ್ಚಿದ ಕಣ್ಣಿಗೆ ಬೆಲೆ ಕಟ್ಟುವವರು ಎಲ್ಲ ಕಾಲದಲ್ಲೂ ಇರುತ್ತಾರೆ.

ದಂಡಕ್ಕಿಂತ ಭಾರವಾದದ್ದು ವಿಮೆಯ ಮಾತು. ಪ್ರಯಾಣಿಕ ವಾಹನದ ವಿಮೆಯ ಕಂತನ್ನು ನಿಗದಿಪಡಿಸುವುದೇ ಅನುಮತಿ ಪಡೆದ ಆಸನಗಳನ್ನು ಎಣಿಸಿ. ಹಿಮಾಚಲ ಪ್ರದೇಶದಲ್ಲಿ 42 ಆಸನಗಳ ಬಸ್ಸೊಂದು 90 ಜನರನ್ನು ಹೊತ್ತು ಅಪಘಾತಕ್ಕೀಡಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ನೀಡಿದ ತೀರ್ಪು ಸ್ಪಷ್ಟ: ವಿಮಾ ಕಂಪನಿಯ ಹೊಣೆ ಅನುಮತಿ ಪಡೆದ ಆಸನಗಳ ಸಂಖ್ಯೆಗೆ ಸೀಮಿತ. ಆ ಸಂಖ್ಯೆಯಷ್ಟು ಅತಿ ಹೆಚ್ಚಿನ ಪರಿಹಾರ ಮೊತ್ತಗಳನ್ನು ಕಂಪನಿ ಠೇವಣಿ ಇಡಬೇಕು, ಅದನ್ನು ಎಲ್ಲರಿಗೂ ಪ್ರಮಾಣಾನುಸಾರ ಹಂಚಬೇಕು, ಉಳಿದದ್ದನ್ನು ವಾಹನದ ಮಾಲೀಕನಿಂದ ವಸೂಲು ಮಾಡಿಕೊಳ್ಳಬೇಕು. ಬಸ್ಸಿನ ಮಾಲೀಕನಿಗಾದರೆ ಆಸ್ತಿಪಾಸ್ತಿ ಇರಬಹುದು. ರಿಕ್ಷಾದ ಮಾಲೀಕನ ಆಸ್ತಿ ಎಂದರೆ ಮಗುಚಿ ಬಿದ್ದ ಆ ರಿಕ್ಷಾವೇ, ಅದೂ ಸಾಲದಲ್ಲಿ. ಅಂದರೆ ಆರು ಜನರ ಗಾಡಿ ಮಗುಚಿದರೆ ಮೂರು ಜನರಿಗೆ ಸಾಲುವ ಪರಿಹಾರವನ್ನು ಆರು ಮನೆಗಳು ಹಂಚಿಕೊಳ್ಳಬೇಕು, ಉಳಿದರ್ಧಕ್ಕಾಗಿ ಏಳನೆಯ ಮನೆ ದಿವಾಳಿಯಾಗಬೇಕು. ತಲೆಗೆ 36 ರೂಪಾಯಿ ಉಳಿಸಿದ್ದರ ನಿಜವಾದ ಬೆಲೆ ಇದು.

ಪರಿಹಾರ ಎಲ್ಲಿದೆ? ಆಡಳಿತದಲ್ಲಿ ಮೂರು ದಶಕಗಳಿಗೂ ಮಿಕ್ಕಿ ಕಳೆದ ನನ್ನ ಅನುಭವದಲ್ಲಿ, ಹೊಸ ಕಾಯ್ದೆ ಬೇಕೆಂದು ನಾವು ಕೂಗುವ ಸಂದರ್ಭಗಳಲ್ಲಿ ಅರ್ಧದಷ್ಟಕ್ಕೆ ಉತ್ತರ ಹಳೆಯ ಕಾಯ್ದೆಯಲ್ಲೇ ಇರುತ್ತದೆ. ಇಲ್ಲಿಯೂ ಹಾಗೆಯೇ. 1988ರ ಮೋಟಾರು ವಾಹನ ಕಾಯ್ದೆಯ ಎರಡನೆಯ ಕಲಮು ಆರು ಪ್ರಯಾಣಿಕರವರೆಗಿನ ಬಾಡಿಗೆ ವಾಹನವನ್ನು ‘ಮೋಟರ್ ಕ್ಯಾಬ್’ ಎನ್ನುತ್ತದೆ. ರಿಕ್ಷಾ ಆ ಮಿತಿಯೊಳಗೇ ಬರುತ್ತದೆ. ಒಪ್ಪಂದದ ಮೇಲೆ ಓಡುವ ‘ಕಾಂಟ್ರ್ಯಾಕ್ಟ್ ಕ್ಯಾರೇಜ್’ನ ವ್ಯಾಖ್ಯೆಯೊಳಗೆ ಮೋಟರ್ ಕ್ಯಾಬನ್ನು ಸೇರಿಸುವಾಗ ಅದೇ ಕಲಮು, ಪ್ರಯಾಣಿಕರಿಂದ ಬೇರೆ ಬೇರೆಯಾಗಿ ದರ ಪಡೆದರೂ ಅದು ಕಾಂಟ್ರ್ಯಾಕ್ಟ್ ಕ್ಯಾರೇಜೇ ಎಂದು ಸ್ಪಷ್ಟವಾಗಿ ಹೇಳುತ್ತದೆ. ಸೀಟಿಗಿಷ್ಟು ಎಂದು ಹಣ ಪಡೆಯುವುದೇ ಅಪರಾಧವೆಂಬ ರೂಢಿಯ ನಂಬಿಕೆಗೆ ಈ ವ್ಯಾಖ್ಯೆಯಲ್ಲಿ ಆಧಾರವಿಲ್ಲ. ದರ ನಿಗದಿಯ ಬಗ್ಗೆ ನಿರ್ದೇಶನ ನೀಡುವ ಅಧಿಕಾರ 67ನೆಯ ಕಲಮಿನಂತೆ ರಾಜ್ಯ ಸರ್ಕಾರಕ್ಕಿದೆ. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರವಿದೆ. ಬಾಗಿಲಿದೆ, ಬೀಗವಿಲ್ಲ, ತೆರೆಯುವ ಕೈ ಬೇಕು.

ಮೊದಲ ಹೆಜ್ಜೆಯಾಗಿ, ಬಸ್ ಹೋಗದ ಅಥವಾ ದಿನಕ್ಕೆ ಎರಡೇ ಸಲ ಹೋಗುವ ದಾರಿಗಳನ್ನು ಗುರುತಿಸಿ ಅಲ್ಲಿ ಸೀಟುವಾರು ದರವನ್ನು ಅಧಿಕೃತವಾಗಿ ಪ್ರಕಟಿಸಬೇಕು. ಎರಡನೆಯದಾಗಿ, ಮೂರು ಸೀಟಿನ ಗಾಡಿಯಲ್ಲಿ ಆರು ಜನರನ್ನು ತುರುಕುವುದರ ಬದಲು, ಆರು ಜನರಿಗಾಗಿಯೇ ಕಟ್ಟಿದ ಸಣ್ಣ ವಾಹನಕ್ಕೆ ಬಡ್ತಿ ಪಡೆಯಲು ಇಚ್ಛಿಸುವ ಮಾಲೀಕನಿಗೆ ಕಡಿಮೆ ಬಡ್ಡಿಯ ಸಾಲವೂ ಆ ದಾರಿಯ ರಹದಾರಿಯೂ ದೊರೆಯಬೇಕು. ಚಾಲನಾ ಪರವಾನಗಿಯ ತೊಡಕು ಈಗ ಉಳಿದಿಲ್ಲ. ಲಘು ವಾಹನದ ಪರವಾನಗಿ ಇದ್ದವರು 7,500 ಕಿಲೊವರೆಗಿನ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮೋದನೆಯಿಲ್ಲದೆ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಎತ್ತಿಹಿಡಿದಿದೆ. ಬ್ಯಾಟರಿ ಚಾಲಿತ ಸಾರಿಗೆ ವಾಹನಗಳಿಗೆ ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲೇ ರಹದಾರಿಯಿಂದ ವಿನಾಯಿತಿ ನೀಡಿದೆ, ಅವುಗಳ ಮೇಲಿನ ಜಿಎಸ್‌ಟಿ ಶೇ 5 ಮಾತ್ರ. ರಾಜ್ಯಕ್ಕೆಲ್ಲ ವಿದ್ಯುತ್ ಕೊಡುವ ಕಾಳಿ ಕಣಿವೆಯ ಪೇಟೆಗಳಲ್ಲಿ ರಿಕ್ಷಾಗಳಿಗೆ ಚಾರ್ಜಿಂಗ್ ಕೇಂದ್ರ ಒದಗಿಸುವುದು ಉಪಕಾರವಲ್ಲ, ಋಣಸಂದಾಯ.

ಮೂರನೆಯ ಸಲಹೆ ತುಸು ಧೈರ್ಯದ್ದು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಟ್ಟಿತು. ಅದರ ಸಾಮಾಜಿಕ ಲಾಭವನ್ನು ಅಲ್ಲಗಳೆಯಲಾಗದು. ಆದರೆ ಬಸ್ಸೇ ಬಾರದ ಊರಿನ ಹೆಣ್ಣುಮಗಳ ಪಾಲಿಗೆ ಆ ಯೋಜನೆ ಮುಖ್ಯರಸ್ತೆಯಲ್ಲೇ ನಿಂತುಬಿಡುತ್ತದೆ. ಆಕೆ ರಿಕ್ಷಾಕ್ಕೆ ಹಣ ತೆತ್ತು ಉಚಿತ ಬಸ್ಸಿನ ನಿಲ್ದಾಣ ತಲುಪಬೇಕು. ಬಸ್ ಇರುವ ದಾರಿಯಲ್ಲಾದರೋ ರಿಕ್ಷಾದವನ ಗಿರಾಕಿಗಳು ಬಸ್ಸಿಗೆ ಸರಿದಿದ್ದಾರೆ. 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಖಾಸಗಿ ಸಾರಿಗೆ ಸಂಘಟನೆಗಳು ಬಂದ್ ಆಚರಿಸಿದಾಗ ಈ ಅಳಲು ಕೇಳಿಬಂದಿತ್ತು. ಶಕ್ತಿಯ ಟಿಕೆಟಿನ ಮೌಲ್ಯವನ್ನು ಸಾರಿಗೆ ನಿಗಮಗಳಿಗೆ ತುಂಬಿಕೊಡುವಂತೆ, ಬಸ್ಸಿಲ್ಲದ ಅಧಿಸೂಚಿತ ದಾರಿಗಳಲ್ಲಿ ಮಹಿಳೆಯ ಸೀಟಿನ ದರದ ಒಂದು ಪಾಲನ್ನು ರಿಕ್ಷಾದವನಿಗೆ ತುಂಬಿಕೊಡುವುದು ಏಕೆ ಸಾಧ್ಯವಿಲ್ಲ? ಸುಳ್ಳು ಬಿಲ್ಲುಗಳ ಭಯ ನಿಜವೇ. ಅದಕ್ಕಾಗಿಯೇ ಜೊಯಿಡಾ ಒಂದೇ ತಾಲ್ಲೂಕಿನಲ್ಲಿ ಒಂದು ವರ್ಷ ಪ್ರಯೋಗ ನಡೆಸಿ, ಗ್ರಾಮಸಭೆಗಳ ಮುಂದೆ ಲೆಕ್ಕವಿಟ್ಟು, ಆಮೇಲೆ ತೀರ್ಮಾನಿಸಲಿ. ಐವತ್ತು ಸಾವಿರ ಜನರ ತಾಲ್ಲೂಕು ಇಂಥ ಪ್ರಯೋಗಕ್ಕೆ ಹೇಳಿ ಮಾಡಿಸಿದಂತಿದೆ.

ಇದರಿಂದ ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ಆದಾಯಕ್ಕೆ ಪೆಟ್ಟು ಬೀಳುವುದೆಂಬ ಆಕ್ಷೇಪ ಬರಬಹುದು. ಬಸ್ಸೇ ಓಡದ ದಾರಿಯಲ್ಲಿ ಕಳೆದುಕೊಳ್ಳುವ ಆದಾಯವೂ ಇರುವುದಿಲ್ಲ. ಬದಲಿಗೆ ರಿಕ್ಷಾ ತಂದು ಬಿಡುವ ಪ್ರಯಾಣಿಕರು ಮುಖ್ಯರಸ್ತೆಯ ಬಸ್ಸನ್ನೇ ತುಂಬುತ್ತಾರೆ. ಅಕ್ರಮಕ್ಕೆ ಸಕ್ರಮದ ಮುದ್ರೆ ಒತ್ತುತ್ತಿದ್ದೀರಿ ಎನ್ನುವವರೂ ಇದ್ದಾರು. ಸಕ್ರಮಗೊಳಿಸಬೇಕಾದ್ದು ಹಂಚಿಕೊಂಡು ಪ್ರಯಾಣಿಸುವುದನ್ನು, ತುಂಬಿತುಳುಕುವುದನ್ನಲ್ಲ. ಸೀಟಿಗೊಂದು ದರ ಗೊತ್ತಾಗಿ, ಆ ದರ ಗಿಟ್ಟುವಂತಾದ ಮೇಲೆ ನಾಲ್ಕನೆಯವನನ್ನು ಹತ್ತಿಸಿಕೊಂಡವನಿಗೆ ದಂಡ ಹಾಕಲು ಆಡಳಿತಕ್ಕೆ ನೈತಿಕ ಹಕ್ಕು ಬರುತ್ತದೆ. ಇಂದು ಆ ಹಕ್ಕು ಇಲ್ಲ. ಇರುವುದು ಅಧಿಕಾರ ಮಾತ್ರ.

ಮೂರು ಗಾಲಿಯ ಮೇಲೆ ಸಮತೋಲ ಕಾಯುವುದು ಚಾಲಕನ ಕಸುಬು. ಅವನ ದುಡಿಮೆ, ಪ್ರಯಾಣಿಕನ ಕಿಸೆ, ಇಬ್ಬರ ಸುರಕ್ಷತೆ ಈ ಮೂರರ ನಡುವೆ ಸಮತೋಲ ಕಾಯುವುದು ಸರ್ಕಾರದ ಕಸುಬು. ಚಾಲಕ ತನ್ನ ಪಾಲಿನ ಕೆಲಸವನ್ನು ಮಳೆಯಲ್ಲಿ ತೊಯ್ಯುತ್ತ ಮಾಡುತ್ತಿದ್ದಾನೆ.